ಲಿಂಗಾಚಾರ್ರು ವಾಸಿ ಮಾಡಿದ ಮೂಳೆ

ಕಳೆದ ತಿಂಗಳು ಕೃಷ್ಣಮೂರ್ತಿಪುರಂನಲ್ಲಿ ಕಾಫಿಪುಡಿ ತೆಗೆದುಕೊಂಡು ಬರುತ್ತಿದ್ದೆ. ಆಗತಾನೆ ಪುಡಿ ಮಾಡಿಸಿದ್ದು, ಪೊಟ್ಟಣ ಇನ್ನೂ ಬಿಸಿಯಿತ್ತು. ದಾರಿಯಲ್ಲಿ ಒಂದು ಹಳೆಯ ಮನೆಯನ್ನು ಅರ್ಧ ಕೆಡವಿ ಹೊಸದು ಮಾಡುತ್ತಿದ್ದರು. ಬಾಗಿಲಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕೂತು ಬಾಣಲಿಯೊಳಗೆ ಬಿಳಿ ಪ್ಲಾಸ್ಟರ್ ಕಲಸುತ್ತಿದ್ದ. ಸೀಲಿಂಗಿಗೆ ಇರಬೇಕು. ಸುಣ್ಣದ್ದೂ ಅಲ್ಲದ, ಮಣ್ಣಿನದ್ದೂ ಅಲ್ಲದ ಆ ತಣ್ಣನೆಯ ವಾಸನೆ ಕೈಯಲ್ಲಿದ್ದ ಕಾಫಿಪುಡಿಯ ಘಮವನ್ನೂ ಮೀರಿ ಮೂಗಿಗೆ ಬಂತು. ನನ್ನ ಎಡಗಾಲು ನನ್ನನ್ನು ಕೇಳದೆಯೇ ನಿಂತುಬಿಟ್ಟಿತು.

"ಯಾರು ಬೇಕಾಗಿತ್ತು ಮೇಡಂ?" ಎಂದ ಅವನು.

ವಾಸನೆ ನೋಡುತ್ತಾ ನಿಂತಿದ್ದೇನೆ ಎಂದರೆ ತಲೆ ಕೆಟ್ಟವಳು ಅಂದುಕೊಂಡಾನು. "ಕಾಲು ನೋವು ಕಣಪ್ಪ, ಸುಧಾರಿಸ್ಕೊತಾ ಇದೀನಿ" ಎಂದೆ. ಅದರಲ್ಲಿ ಅರ್ಧ ನಿಜ ಇತ್ತು.

ಈ ವಾಸನೆ ನನ್ನ ಬಾಳಿನಲ್ಲಿ ಎರಡು ಸಲ ತಂಗಿ ಹೋಗಿದೆ. ಮೊದಲನೆಯ ಸಲ ನನ್ನ ಕಾಲಿಗೆ ಪ್ಲಾಸ್ಟರ್ ಹಾಕಿದಾಗ. ಎರಡನೆಯ ಸಲ ಒಂದು ಡೈನೋಸಾರಿನ ಕಾಲಿಗೆ. ಹೀಗೆಂದರೆ ಯಾರಾದರೂ ನಗುತ್ತಾರೆ. ನಗಲಿ, ನಾನೂ ಆಗಾಗ ನಗುತ್ತೇನೆ. ಆದರೆ ಆ ಎರಡನೆಯ ಮಳೆಗಾಲದಲ್ಲಿ ನಗು ಬರುತ್ತಿರಲಿಲ್ಲ.

ಮೊದಲು ನನ್ನ ಕಾಲಿನ ವಿಷಯ ಹೇಳಿಬಿಡುತ್ತೇನೆ, ಅದಿಲ್ಲದೆ ಮಿಕ್ಕಿದ್ದು ಅರ್ಥವಾಗುವುದಿಲ್ಲ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲದ ಕೆಲಸವೊಂದನ್ನು ಹೂಟಗಳ್ಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಮಾಡುತ್ತಿದ್ದೆ. ಒಂದು ಸಂಜೆ ಮಳೆಯಲ್ಲಿ ಮನೆಗೆ ಬರುವಾಗ ತಿರುವಿನಲ್ಲಿ ಸ್ಕೂಟರ್ ಜಾರಿತು. ಎಡ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ಚರ್ಮ ಹರಿದಿದ್ದ ಕಡೆ ಮಣ್ಣು ಸೇರಿ ಗಾಯ ಕೀವಾಯಿತು. ತೊಡೆಯವರೆಗೆ ಹಾಕಿದ್ದ ಪ್ಲಾಸ್ಟರಿನಲ್ಲೇ ಡಾಕ್ಟರು ಒಂದು ಕಿಟಕಿ ಕೊಯ್ದು, ಗಾಯವನ್ನು ದಿನಾ ತೊಳೆಯಬೇಕು ಎಂದರು. ತೊಳೆಯುವುದಕ್ಕೆ ಮನೆಯಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಹೋಗಿದ್ದಳು. ನನಗೆ ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಅಪ್ಪ ಸಿಟಿ ಬಸ್ಸಿನ ಕಂಡಕ್ಟರಾಗಿ ರಿಟೈರಾದವರು. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಇಡೀ ಆಯಸ್ಸನ್ನು ಮೈಸೂರಿನ ರಸ್ತೆಗಳ ಮೇಲೆ ನಿಂತೇ ಕಳೆದವರು. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಆ ಕಿಟಕಿಯೊಳಗೆ ಇಣುಕಿ, "ಏನವ್ವ, ಒಳಗಡೆ ಸೀಟು ಖಾಲಿ ಆಯ್ತಾ ಇಲ್ವಾ?" ಎನ್ನುತ್ತಾ ಕೀವು ಒರೆಸುತ್ತಿದ್ದರು. ಅವರು ಮಾಡುತ್ತಿದ್ದ ಸಾರು ಬಾಯಿಗಿಡಲಾಗುತ್ತಿರಲಿಲ್ಲ. ಉಪ್ಪು ಒಂದು ದಿನ ಎರಡು ಸಲ ಬೀಳುತ್ತಿತ್ತು, ಮಾರನೆಯ ದಿನ ಬೀಳುತ್ತಲೇ ಇರಲಿಲ್ಲ. ನಾನು ಸಿಡುಕಿದರೆ "ಅಂಗೇ ತಿನ್ನು, ಎರಡು ದಿನದ್ದೂ ಸೇರಿಸಿದ್ರೆ ಸರಿ ಹೋಯ್ತದೆ" ಎನ್ನುತ್ತಿದ್ದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ನಡೆಸುವುದೂ ಅವರೇ. ಸರಸ್ವತಿಪುರಂನ ನಮ್ಮ ಬಾಡಿಗೆ ಮನೆ ಮಹಡಿಯ ಮೇಲಿತ್ತು. ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು "ರೈಟ್ ರೈಟ್" ಎಂದರೆ ನಾನು ಕಾಲಿಡಬೇಕು, "ಓಲ್ಡಾನ್" ಎಂದರೆ ನಿಲ್ಲಬೇಕು. ಕೆಳಗಿನ ಬೀದಿಯಲ್ಲಿ ಟ್ಯುಟೋರಿಯಲ್ಲಿಗೆ ಹೋಗುವ ಹುಡುಗಿಯರು ನಿಂತು ನೋಡಿ ನಗುತ್ತಿದ್ದರು. ನಾಚಿಕೆಯಾಗಿ "ಮೆಲ್ಲಗೆ ಹೇಳಪ್ಪ" ಎಂದರೆ "ಮೆಲ್ಲಗೆ ಹೇಳುದ್ರೆ ಡ್ರೈವರ್‌ಗೆ ಕೇಳಿಸ್ತದಾ?" ಎನ್ನುತ್ತಿದ್ದರು.

ಕಾಲು ಕೂಡಿತು, ಸ್ವಲ್ಪ ಸೊಟ್ಟಗೆ. ಒಂದಷ್ಟು ಕುಂಟು ಉಳಿಯಿತು. ಕಾರ್ಖಾನೆಯವರು ಅಷ್ಟು ದಿನ ಕಾಯಲಿಲ್ಲ, ಕೆಲಸ ಹೋಯಿತು. ಬೇರೆ ಕೆಲಸ ಹುಡುಕುತ್ತಿದ್ದಾಗಲೇ, ಸಂಕ್ರಾಂತಿ ಕಳೆದ ಮೇಲೆ, ಅಪ್ಪ ಒಂದು ಬೆಳಿಗ್ಗೆ ಹಾಲು ತಂದು ಅಡುಗೆಮನೆಯಲ್ಲಿಟ್ಟು ಕುರ್ಚಿಯಲ್ಲಿ ಕೂತರು. ಹಾಲು ಕಾಯಿಸಿ ಕಾಫಿ ತಂದೆ. ಅವರು ಏಳಲಿಲ್ಲ.

ಆಮೇಲಿನ ದಿನಗಳನ್ನು ಹೇಳಲು ಹೆಚ್ಚೇನೂ ಇಲ್ಲ. ಬಂದವರು ಬಂದರು, ಹೋದರು. ಎಲ್ಲರೂ ನನ್ನ ನಡಿಗೆ ನೋಡಿ "ಕುಂಟೋದು ಗೊತ್ತೇ ಆಗಲ್ಲ ಬುಡಿ" ಎಂದು ಸಮಾಧಾನ ಹೇಳಿದರು. ಆ ಮಾತು ಕೇಳಿದಾಗಲೆಲ್ಲ ನನಗೆ ಕೋಪ ಬರುತ್ತಿತ್ತು. ಗೊತ್ತಾಗಬಾರದು ಎಂದು ನಾನು ಯಾರನ್ನು ಕೇಳಿದ್ದೆ? ಆ ಕುಂಟಿನಲ್ಲಿ ಅಪ್ಪನ ಜೊತೆ ಕಳೆದ ಅಷ್ಟೂ ತಿಂಗಳು ಇದ್ದವು. ಅದಿಲ್ಲ ಅಂದರೆ ಅವರೂ ಇರಲಿಲ್ಲ ಎಂದ ಹಾಗೆ ಕೇಳಿಸುತ್ತಿತ್ತು. ರಾತ್ರಿ ಅನ್ನಕ್ಕೆ ಇಬ್ಬರ ಅಕ್ಕಿ ಹಾಕಿ, ಮಿಕ್ಕಿದ್ದನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿ, ಅದೂ ಮಿಕ್ಕಿ ಕಾಗೆಗೆ ಹಾಕುತ್ತಿದ್ದೆ. ಇಡೀ ದಿನದಲ್ಲಿ ಆಡಿದ ಮಾತು ಹಾಲಿನವನ ಜೊತೆ ಆಡಿದ್ದಷ್ಟೇ ಆಗಿರುತ್ತಿತ್ತು.

ಮುಂಗಾರು ಶುರುವಾಗುವ ಹೊತ್ತಿಗೆ ಸುಬ್ಬರಾಯ ಮೇಷ್ಟ್ರು ಫೋನ್ ಮಾಡಿದರು. ಎಂ.ಎಸ್ಸಿ.ಯಲ್ಲಿ ನನಗೆ ಪಳೆಯುಳಿಕೆಗಳ ಪಾಠ ಮಾಡಿದವರು, ಇನ್ನೊಂದು ವರ್ಷಕ್ಕೆ ರಿಟೈರಾಗುವವರಿದ್ದರು. "ಗಿರಿಜಾ, ಒಂದು ಪೆಟ್ಟಿಗೆ ಮೂಳೆ ಬಂದಿದೆ. ಮಧ್ಯಪ್ರದೇಶದಲ್ಲಿ ಸಿಕ್ಕಿದ್ದು, ಎರವಲು. ಈ ಮಳೆಗಾಲ ಮುಗಿಯೋವರೆಗೆ ನಮ್ಮ ಹತ್ರ ಇರುತ್ತೆ. ನೋಡಿ ಬರೆಯೋದಕ್ಕೆ ಒಬ್ಬರು ಬೇಕು" ಎಂದರು. "ನಂಗೆ ಎಲ್ಲಾ ಮರ್ತು ಹೋಗಿದೆ ಸಾರ್" ಎಂದೆ. "ಅದಕ್ಕೇನೂ ಅವಸರ ಇಲ್ಲ ಬಿಡಮ್ಮ, ಅವು ಇಷ್ಟು ಕೋಟಿ ವರ್ಷ ಕಾದಿವೆ" ಎಂದರು.

ಕಾಲೇಜಿನ ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಇಟ್ಟಿದ್ದ ಆ ಪೆಟ್ಟಿಗೆಯ ಮೂಳೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಇದೇ ಆ ಪೆಟ್ಟಿಗೆಯ ವಿಶೇಷ. ಕಾಯಿಲೆ ಬಿದ್ದ, ಪೆಟ್ಟು ತಿಂದ ಡೈನೋಸಾರುಗಳ ಮೂಳೆಗಳನ್ನೇ ಆರಿಸಿ ಇಟ್ಟಿದ್ದರು. ಬಾಲದ ಎರಡು ಮಣಿಗಳು ಒಂದಕ್ಕೊಂದು ಅಂಟಿ ಒಂದೇ ಆಗಿದ್ದವು. ಒಂದು ಪಕ್ಕೆಲುಬು ಮುರಿದು, ತುದಿಗಳು ಒಂದರ ಮೇಲೊಂದು ಏರಿ ಕೂಡಿತ್ತು. ಇನ್ನೊಂದರ ಮೇಲೆ ಹೂಕೋಸಿನ ಹಾಗೆ ಏನೋ ಬೆಳೆದಿತ್ತು. ಆಸ್ಪತ್ರೆಯ ವಾರ್ಡಿಗೆ ಬಂದ ಹಾಗಾಯಿತು. ಒಂದೇ ವ್ಯತ್ಯಾಸ, ಇಲ್ಲಿ ಯಾರೂ ನರಳುತ್ತಿರಲಿಲ್ಲ.

ಮೇಷ್ಟ್ರು ಓದುವುದನ್ನು ಕಲಿಸಿದರು. ಸತ್ತ ಮೇಲೆ ಮಣ್ಣಿನ ಭಾರಕ್ಕೆ ಮುರಿದ ಮೂಳೆಯ ಅಂಚು ರಸ್ಕ್ ಮುರಿದ ಹಾಗೆ ಚೂಪಾಗಿರುತ್ತದೆ. ಬದುಕಿದ್ದಾಗ ಮುರಿದದ್ದರ ಅಂಚು ಮೊಂಡಾಗಿ, ಮೇಲೆ ಹೊಸ ಮೂಳೆ ಬೆಳೆದಿರುತ್ತದೆ. ಆ ಹೊಸ ಮೂಳೆ ಒರಟಾಗಿದ್ದರೆ ಪ್ರಾಣಿ ಗಾಯ ಮಾಯುವ ಮೊದಲೇ ಸತ್ತಿದೆ. ನಯವಾಗಿದ್ದರೆ ಆಮೇಲೂ ಬಹಳ ಕಾಲ ಬದುಕಿದೆ. "ರೋಗ ಬರೋದು ಬದುಕಿರೋರಿಗೆ ಮಾತ್ರ ಕಣಮ್ಮ. ಚೆನ್ನಾಗಿರೋ ಮೂಳೆ ನೋಡಿದ್ರೆ ಪ್ರಾಣಿ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಹೆಂಗೆ ದಿನ ಕಳೀತು ಅನ್ನೋದು ಗೊತ್ತಾಗೋದು ಇಂಥದ್ರಲ್ಲೇ" ಎಂದರು.

ಪೆಟ್ಟಿಗೆಯ ತಳದಲ್ಲಿ ಹತ್ತಿಯಲ್ಲಿ ಸುತ್ತಿದ್ದ ಕಾಲಿನ ಮೂಳೆಯೊಂದಿತ್ತು. ಸೊಪ್ಪು ತಿನ್ನುವ, ಕತ್ತು ಉದ್ದದ ಜಾತಿಯದು. ಮೊಣಕಾಲಿನ ಕೆಳಗಿನ ಎರಡು ಮೂಳೆಗಳಲ್ಲಿ ತೆಳುವಾದದ್ದು. ಎಡಗಾಲಿನದು. ನಡುವಿಗಿಂತ ತುಸು ಕೆಳಗೆ ತೆಂಗಿನಕಾಯಿಯಷ್ಟು ದಪ್ಪಗೆ ಊದಿಕೊಂಡ ಗಂಟು, ಗಂಟಿನಲ್ಲಿ ಬೆರಳು ಹೋಗುವಂಥ ತೂತುಗಳು. ಮುರಿದು, ಕೀವಾಗಿ, ಕೀವು ಆ ತೂತುಗಳಿಂದ ಹರಿದು, ಕೊನೆಗೆ ಕೂಡಿಕೊಂಡ ಮೂಳೆ. ಗಂಟಿನ ಮೈ ಸವರಿದೆ. ನಯವಾಗಿತ್ತು.

ಮಾರನೆಯ ದಿನ ನನ್ನ ಎಕ್ಸ್‌ರೇಗಳನ್ನು ತೆಗೆದುಕೊಂಡು ಹೋಗಿ ಕಿಟಕಿಗೆ ಹಿಡಿದು ಪಕ್ಕದಲ್ಲಿ ಮೂಳೆ ಇಟ್ಟೆ. ಅದೇ ಮೂಳೆ, ಅದೇ ಜಾಗ, ಅಂಥದೇ ಗಂಟು. ಮೇಷ್ಟ್ರು ಎಕ್ಸ್‌ರೇಯನ್ನೂ ಮೂಳೆಯನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ, "ಇದಕ್ಕೆ ದಪ್ಪ ಮೂಳೆ ಮುರಿದಿರಲಿಲ್ಲ. ಮುರಿದಿದ್ರೆ ಅಷ್ಟು ಭಾರಕ್ಕೆ ಅಲ್ಲೇ ಮುಗೀತಿತ್ತು. ನಿಂಗೆ ಎರಡೂ ಮುರಿದಿತ್ತು" ಎಂದರು.

"ನಂಗೆ ಅಪ್ಪ ಇದ್ರು ಸಾರ್. ಇದಕ್ಕೆ ಯಾರಿದ್ರು?"

"ಯಾರೂ ಬೇಕಾಗಿರಲಿಲ್ಲವೇನೋ. ಕತ್ತು ಉದ್ದ. ನಿಂತ ಕಡೇನೇ ಸುತ್ತಲೂ ಮೇಯ್ಕೊಂಡು ಕಾಲ ಕಳೆದಿರಬಹುದು."

"ಇಲ್ಲಾ ಅಂದ್ರೆ ಹಿಂಡಿನೋರು ಕಾದಿರಬಹುದು."

"ಇರಬಹುದು. ಆದ್ರೆ ಮೂಳೇಲಿ ಇರೋದನ್ನಷ್ಟೇ ಓದಬೇಕು ಗಿರಿಜಾ. ಪಕ್ಕದಲ್ಲಿ ಯಾರಿದ್ರು ಅನ್ನೋದು ಮೂಳೇಲಿ ಉಳಿಯಲ್ಲ."

ಅವರು ಕ್ಲಾಸಿಗೆ ಹೋದ ಮೇಲೆ ನನ್ನ ಎಕ್ಸ್‌ರೇಯನ್ನು ಮತ್ತೆ ಬೆಳಕಿಗೆ ಹಿಡಿದೆ. ಮುರಿದದ್ದು ಇತ್ತು, ಕೂಡಿದ್ದು ಇತ್ತು. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಕೂತವರು ಅದರಲ್ಲಿ ಇರಲಿಲ್ಲ. ಕೋಟಿ ವರ್ಷದ ಮೇಲೆ ನನ್ನ ಕಾಲು ಯಾರಿಗಾದರೂ ಸಿಕ್ಕರೆ ಅವರೂ ಇದನ್ನೇ ಬರೆಯುತ್ತಾರೆ. ಒಂಟಿಯಾಗಿತ್ತೋ, ಜೊತೆಯಲ್ಲಿ ಯಾರಿದ್ದರೋ, ತಿಳಿಯದು. ಆ ಮಧ್ಯಾಹ್ನ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅಲ್ಲಿಂದ ಆ ಮೂಳೆಯೇ ನನ್ನ ಸಂಗಾತಿಯಾಯಿತು. ಆಷಾಢದ ಗಾಳಿ ಕಿಟಕಿ ಬಡಿಯುತ್ತಿತ್ತು. ಹಿಡಿದ ಮಳೆ ಬಿಡದೆ ಸಣ್ಣಗೆ ಸುರಿಯುತ್ತಿತ್ತು, ಒದ್ದೆ ಕೊಡೆಗಳ ವಾಸನೆ ಕಾರಿಡಾರಿನಲ್ಲಿ ತುಂಬಿರುತ್ತಿತ್ತು. ತಂಡಿಗೆ ನನ್ನ ಕಾಲು ನೋಯುವಾಗ ಅದರ ಕಡೆ ನೋಡಿ "ನಿಂಗೂ ಹೀಗೇ ಆಗ್ತಿತ್ತಾ?" ಎಂದು ಕೇಳುತ್ತಿದ್ದೆ. ಸಂಜೆ ಬೀಗ ಹಾಕುವ ಮೊದಲು ಗಂಟಿನ ತೂತಿನಲ್ಲಿ ಒಮ್ಮೆ ಬೆರಳಿಟ್ಟು ಹೊರಡುವುದು ರೂಢಿಯಾಯಿತು. ಮನೆಯಲ್ಲಿ ಹೇಳಿ ಹೊರಡಲು ಯಾರೂ ಇರಲಿಲ್ಲ. ಇಲ್ಲಿಯಾದರೂ ಹೇಳಿ ಹೊರಡುತ್ತಿದ್ದೆ.

ಆದರೆ ಎರವಲು ಬಂದದ್ದು ಹೋಗಲೇಬೇಕು. ಹೋಗುವುದರೊಳಗೆ ಒಂದು ಮೂಳೆಗೆ ಅಚ್ಚು ತೆಗೆದು ನಕಲು ಮಾಡಿಕೊಳ್ಳಲು ಮೂಳೆ ಕಳಿಸಿದವರು ಒಪ್ಪಿದ್ದರು. ಯಾವುದಕ್ಕೆ ಎಂದು ಮೇಷ್ಟ್ರು ಕೇಳುವ ಮೊದಲೇ ನಾನು ಕಾಲಿನದು ಎಂದೆ. ನನಗೆ ಬೇಕಾಗಿದ್ದು ಆ ಗಂಟು. ಮೂಳೆ ಹೋಗಲಿ, ಗಂಟು ಮೈಸೂರಿನಲ್ಲಿ ಉಳಿಯಬೇಕು, ಅದರೊಳಗೆ ನನ್ನ ಬೆರಳು ಹೋಗಬೇಕು. ಆ ವರ್ಷ ನಾನು ಆಸೆಪಟ್ಟದ್ದು ಅದೊಂದನ್ನೇ.

ಅಚ್ಚಿನ ಕೆಲಸಕ್ಕೆ ಮೇಷ್ಟ್ರು ಹಿಡಿದುಕೊಂಡು ಬಂದದ್ದು ಲಿಂಗಾಚಾರ್ರನ್ನು. ಕೃಷ್ಣಮೂರ್ತಿಪುರಂನಲ್ಲಿ ಅವರ ಮನೆ. ಮುಂದೆ ಅಂಗಳ, ಪಕ್ಕದಲ್ಲಿ ಕೆಲಸಕ್ಕೆಂದು ಇಳಿಸಿದ ಶೀಟಿನ ಮಾಡು. ತಲೆಮಾರುಗಳಿಂದ ಗೌರಿ ಗಣೇಶ, ದಸರಾ ಗೊಂಬೆ ಮಾಡುವ ಮನೆ. ಎಪ್ಪತ್ತು ದಾಟಿದ ಆಚಾರ್ರ ಉಗುರಿನ ಸಂದಿಯಲ್ಲಿ ಸದಾ ಬಿಳಿ ಪುಡಿ ಇರುತ್ತಿತ್ತು. ಮೂಳೆಯನ್ನು ಮೇಜಿನ ಮೇಲೆ ನೋಡಿದವರೇ ಕೈಮುಗಿದು, ಆಮೇಲೆ, "ಇದೇನು ಮೇಷ್ಟ್ರೇ, ಕಾಲಿಗೆ ಏನಾಗಿತ್ತು?" ಎಂದರು.

"ಮುರಿದು ಕೀವಾಗಿತ್ತು. ಅದೂ ನಮ್ಮ ಗಿರಿಜಾನ ಹಾಗೇ, ಎಡಗಾಲೇ" ಎಂದರು ಮೇಷ್ಟ್ರು.

ಆಚಾರ್ರು ನನ್ನ ಕಾಲು ನೋಡಿದರು, ಮೂಳೆ ನೋಡಿದರು. "ಪಾಪ" ಎಂದರು. ಯಾರನ್ನು ಕುರಿತು ಎಂದು ನನಗೆ ಗೊತ್ತಾಗಲಿಲ್ಲ.

ಅಚ್ಚನ್ನು ನಮ್ಮಲ್ಲೇ ತೆಗೆದರು. ಮೂಳೆಗೆ ಮೊದಲೇ ತೆಳ್ಳಗೆ ಅಂಟು ಬಳಿದು ಗಟ್ಟಿ ಮಾಡಿದ್ದರಿಂದ ಭಯವಿರಲಿಲ್ಲ. ಅದರ ಮೇಲೆ ಸೋಪಿನ ನೀರು ಸವರಿ, ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಪ್ಲಾಸ್ಟರ್ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸುವುದು. ಹೀಗೆ ತುಂಡು ತುಂಡಾಗಿ. ಗಂಟು ಉಬ್ಬಿಕೊಂಡಿದ್ದರಿಂದ ಅದಕ್ಕೆ ಟೋಪಿಯ ಹಾಗೆ ಬೇರೆಯೇ ಒಂದು ತುಂಡು ಮಾಡಿದರು. ಆ ವಾಸನೆ ಕೋಣೆಯಲ್ಲಿ ತುಂಬಿದಾಗ ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ನನ್ನ ಕಾಲಿಗೆ ಹಾಕಿದ ದಿನ "ಸುಡ್ತಿದೆ ಅಪ್ಪ" ಎಂದು ಕೂಗಿದ್ದಕ್ಕೆ ಅವರು ಆಸ್ಪತ್ರೆಯಲ್ಲೇ ಪ್ಲಾಸ್ಟರಿನ ಮೇಲೆ ಉಫ್ ಉಫ್ ಎಂದು ಊದಿದ್ದು ನೆನಪಾಯಿತು.

ಅಚ್ಚಿನ ತುಂಡುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಆಚಾರ್ರು ಮನೆಗೆ ಒಯ್ದರು. ನಕಲು ಹುಯ್ದು, ತಿದ್ದಿ, ಒಣಗಿಸಿ ತಂದುಕೊಡುತ್ತೇನೆ, ಆದರೆ ಹಬ್ಬದ ಕೆಲಸ ತಲೆ ಮೇಲಿದೆ, ಸ್ವಲ್ಪ ತಡವಾಗುತ್ತದೆ ಎಂದರು. ಹೇಗೆ ನಡೆದಿದೆ ಎಂದು ನೋಡಲು ನಾನು ಒಮ್ಮೆ ಹೋಗಿದ್ದೆ. ಮಾಡಿನ ತುಂಬ ಒಣಗುತ್ತಿದ್ದ ಗಣೇಶಗಳು. ಒಂದು ಗೌರಿಯ ಕಿರುಬೆರಳ ತುದಿ ಮುಕ್ಕಾಗಿತ್ತು. ಆಚಾರ್ರು ಅದನ್ನೆತ್ತಿ ನೋಡಿ, ಮಣ್ಣು ಕರಗಲೆಂದು ನೀರಿನ ತೊಟ್ಟಿಗೆ ಹಾಕಿಬಿಟ್ಟರು. "ಅಯ್ಯೋ, ಬೆರಳೊಂದು ಅಂಟಿಸಿದ್ರೆ ಆಗ್ತಿತ್ತಲ್ಲ" ಎಂದೆ. "ಊನ ಆದದ್ದು ಈ ಮನೆ ಹೊಸಿಲು ದಾಟಬಾರ್ದು ಕಣ್ರಮ್ಮ. ನಮ್ಮಪ್ಪ ಹೇಳ್ಕೊಟ್ಟ ಮೊದಲ್ನೇ ಪಾಠ ಅದೇ" ಎಂದರು. ನಾನು ತಲೆಯಾಡಿಸಿ ಬಂದೆ. ಆ ಮಾತಿಗೂ ನನ್ನ ಮೂಳೆಗೂ ಸಂಬಂಧ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

ಮೂಳೆಗಳನ್ನು ಒಯ್ಯುವ ಗಾಡಿ ಹೇಳಿದ್ದಕ್ಕಿಂತ ಮೊದಲೇ ಬಂತು. ಗೌರಿ ಹಬ್ಬಕ್ಕೆ ಇನ್ನೂ ವಾರವಿತ್ತು. ಹತ್ತಿ ಸಾಲದೆ ಮನೆಯಿಂದ ಅಪ್ಪನ ಹಳೆಯ ಪಂಚೆ ತಂದು ಕಾಲಿನ ಮೂಳೆಗೆ ಸುತ್ತಿದೆ. ಕೊಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಬೀರುವಿನಲ್ಲಿದ್ದ ಪಂಚೆ ಅದು. ಗಾಡಿ ಮಳೆಯಲ್ಲಿ ಗೇಟು ದಾಟಿ ಹೋಯಿತು. ಮೇಷ್ಟ್ರು "ನಕಲು ಬರುತ್ತಲ್ಲ ಬಿಡಮ್ಮ" ಎಂದರು. ನಾನೂ ಅದನ್ನೇ ನಂಬಿಕೊಂಡು ಹಬ್ಬದ ದಿನ ಒಬ್ಬಳೇ ಕೂತು ಕಡುಬು ತಿಂದೆ.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಆಚಾರ್ರು ಆಟೋದಲ್ಲಿ ನಕಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ಮೇಜಿನ ಮೇಲೆ ಮಲಗಿಸಿ ಗೋಣಿ ಬಿಚ್ಚಿದರು. ಬಣ್ಣ ಅದೇ, ಉದ್ದ ಅದೇ, ಎರಡು ತುದಿಯೂ ಹಾಗೇ. ನಡುವೆ ಮೂಳೆ ಬಾಳೆದಿಂಡಿನ ಹಾಗೆ ನುಣ್ಣಗಿತ್ತು. ಗಂಟು ಇರಲಿಲ್ಲ.

"ಗಂಟೆಲ್ಲಿ ಆಚಾರ್ರೇ?"

"ಯಾವ್ ಗಂಟು?"

"ಊದಿತ್ತಲ್ಲ. ತೂತಿತ್ತಲ್ಲ."

"ಓ, ಅದಾ." ಅವರ ಮುಖ ಅರಳಿತು. "ತೆಗ್ದ್‌ಬುಟ್ಟೆ ಕಣ್ರಮ್ಮ. ಭಾಳ ಕಷ್ಟ ಆಯ್ತು, ಮೇಲಿಂದ ಕೆಳಗೆ ಒಂದೇ ಗೆರೆ ಬರ್ಬೇಕಲ್ಲ. ಕಾಯಿಲೆ ಅಂತ ನೀವೇ ಅಂದಿದ್ರಿ. ವಾಸಿ ಮಾಡಿ ತಂದಿದೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಇದಕ್ಕೆ ಒನಕೆ ಅಂತ ಬೋರ್ಡ್ ಹಾಕಿ ಇಡಬೇಕು ಅಷ್ಟೆ. ಅಲ್ಲಾ ಆಚಾರ್ರೇ, ನಮಗೆ ಬೇಕಾಗಿದ್ದೇ ಆ ಕಾಯಿಲೆ. ನೆಟ್ಟಗಿರೋ ಮೂಳೆ ಯಾರಿಗೆ ಬೇಕಿತ್ತು? ಕೇಳಬೇಕೋ ಬೇಡವೋ? ಮೂಳೆ ಹೋಯ್ತು, ಇನ್ನು ಬರಲ್ಲ" ಎಂದೆ.

ಆಚಾರ್ರು ಗೋಣಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಊನ ಇರೋದನ್ನ ನನ್ನ ಕೈಯಿಂದ ಎಂಗೆ ಆಚೆ ಕಳ್ಸಲಮ್ಮ" ಎಂದರು ಮೊದಲು. ಆಮೇಲೆ ನೆಲ ನೋಡುತ್ತಾ, "ನೀವು ನಡೆಯೋದು ನೋಡಿದ್ದೆ. ಅದಕ್ಕೂ ಅದೇ ಕಾಲು ಅಂದ್ರು ಮೇಷ್ಟ್ರು. ನಿಮ್ದಂತೂ ನನ್ನ ಕೈಲಿಲ್ಲ, ಇದಾದ್ರೂ ನೆಟ್ಟಗಿರ್ಲಿ ಅನ್ನಿಸ್ತು" ಎಂದರು.

ಬಂದವರೆಲ್ಲ ಗೊತ್ತೇ ಆಗಲ್ಲ ಬುಡಿ ಎಂದಿದ್ದರು. ಇವರಿಗೆ ಗೊತ್ತಾಗಿತ್ತು, ಮನಸ್ಸಿಗೂ ಹಚ್ಚಿಕೊಂಡಿದ್ದರು. ಕೋಪ ಹೋಗಲಿಲ್ಲ, ಆದರೆ ಅವರಿಗೆ ಕೂರಲು ಸ್ಟೂಲು ಎಳೆದು ಕೊಟ್ಟೆ.

ಮೇಷ್ಟ್ರು ಬಂದು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು. ಫೋಟೋ ಇದೆಯಲ್ಲ ಎಂದರು. ಫೋಟೋದೊಳಗೆ ಬೆರಳು ಹೋಗುತ್ತದೆಯೇ? ಆಚಾರ್ರು, "ಫೋಟೋ ಕೊಡಿ, ನೋಡ್ಕೊಂಡು ಅಂಥದೇ ಒಂದು ಗಂಟು ಮಾಡಿ ಕೂರಿಸ್ತೀನಿ" ಎಂದರು. ಅವರು ಮಾಡಿಯೂ ಮಾಡುತ್ತಿದ್ದರು, ಅಸಲಿಗಿಂತ ಚೆನ್ನಾಗಿಯೇ. "ಅಂದಾಜಿನ ಗಂಟು ಗೊಂಬೆಗೆ ಆಗುತ್ತೆ, ನಮಗಾಗಲ್ಲ. ಅದರ ನೋವು ಅದರದ್ದೇ ಆಗಿರಬೇಕು" ಎಂದೆ. ಆಮೇಲೆ ಥಟ್ಟನೆ ನೆನಪಾಯಿತು. "ಅಚ್ಚಿನ ತುಂಡುಗಳು ಎಲ್ಲಿವೆ?"

ಆಚಾರ್ರ ಮುಖ ಇನ್ನೂ ಚಿಕ್ಕದಾಯಿತು. ಒಂದು ಮೂಳೆಗೆ ಒಂದು ನಕಲು ಎಂದ ಮೇಲೆ ಅಚ್ಚು ಇಟ್ಟುಕೊಂಡು ಮಾಡುವುದೇನು? ಹಬ್ಬಕ್ಕೆ ಗಣೇಶ ಒಯ್ಯಲು ಬರುವವರ ಕಾಲು ಕೆಸರಾಗಬಾರದೆಂದು ಅವನ್ನೆಲ್ಲ ಅಂಗಳದಲ್ಲಿ ಹಾಸಿಬಿಟ್ಟಿದ್ದರು.

ಅದೇ ಆಟೋದಲ್ಲಿ ಇಬ್ಬರೂ ಹೋದೆವು. ಅಂಗಳದಲ್ಲಿ ಜನ ತುಳಿದು, ಮಳೆ ಬಿದ್ದು, ಅಚ್ಚುಗಳು ಹಿಟ್ಟಾಗಿ ಕೆಸರಿನಲ್ಲಿ ಬೆಳ್ಳಗೆ ಕಲಸಿಹೋಗಿದ್ದವು. ಕಾಲಿನ ನೋವು ಮರೆತು ಅಲ್ಲೇ ಕೂತು ಕೆದಕಿದೆ. ಕೈಗೆ ಬಂದದ್ದೆಲ್ಲ ಬೆರಳ ಸಂದಿಯಲ್ಲಿ ಜಾರಿತು. ಆಚಾರ್ರು ಪಕ್ಕದಲ್ಲಿ ಕೂತು ತಾವೂ ಕೆದಕಿದರು. ಮಳೆ ಹನಿಯುತ್ತಿತ್ತು. ಬೀದಿಯಲ್ಲಿ ಹೋಗುವವರಿಗೆ ನಾವೇನೋ ಒಡವೆ ಕಳೆದುಕೊಂಡವರ ಹಾಗೆ ಕಂಡಿರಬೇಕು.

"ಟೋಪಿ ತುಂಡು ಹಾಸಿರಲಿಲ್ಲ" ಎಂದರು ಆಚಾರ್ರು ಇದ್ದಕ್ಕಿದ್ದ ಹಾಗೆ. "ಅದು ಗುಂಡಗಿತ್ತು, ಕಾಲಿಟ್ರೆ ಉರುಳ್ತಿತ್ತು. ಅದನ್ನ..." ಎನ್ನುತ್ತಾ ಎದ್ದು ಮಾಡಿನೊಳಗೆ ಹೋದರು. ಮೂಲೆಯಲ್ಲಿ ನೀರಿನ ಡ್ರಮ್ಮಿತ್ತು. ನೆಲ ಓರೆಯೆಂದು ಅದರ ಕೆಳಗೆ ಒಂದು ಕಡೆ ಒತ್ತು ಕೊಟ್ಟಿದ್ದರು. ಇಬ್ಬರೂ ಸೇರಿ ಡ್ರಮ್ಮು ವಾಲಿಸಿದೆವು. ಬೋರಲು ಬಿದ್ದಿದ್ದ ಟೋಪಿ ತುಂಡಿನ ಮೇಲು ಭಾಗ ಸವೆದಿತ್ತು. ತಿರುಗಿಸಿದರೆ ಒಳಗಿನ ಗುಳಿ ಒಣಗಿ ಹಾಗೇ ಇತ್ತು. ಗುಳಿಯಲ್ಲಿ ಮೊಳೆಗಳ ಹಾಗೆ ಎದ್ದು ನಿಂತಿದ್ದವು ಆ ತೂತುಗಳು.

ಆಚಾರ್ರು ನನಗಿಂತ ಹೆಚ್ಚು ಅವಸರ ಮಾಡಿದರು. ಆಗಲೇ ಸೋಪು ಸವರಿ, ಪ್ಲಾಸ್ಟರ್ ಕಲಸಿ ಗುಳಿಗೆ ಹುಯ್ದರು. ಅದು ಆರಿ ಬಿಡಿಸಿದಾಗ ಗಂಟು ಒಂದೇ, ಮೂಳೆಯಿಲ್ಲದೆ, ಅಂಗೈ ಮೇಲೆ ಬಂತು. ಬೆರಳಿಟ್ಟೆ. ಹೋಯಿತು.

ಮಾರನೆಯ ದಿನ ನಕಲನ್ನು ಮತ್ತೆ ಅವರ ಮನೆಗೆ ಒಯ್ದೆವು. ನುಣ್ಣಗೆ ಮಾಡಿದ್ದ ಜಾಗವನ್ನು ಆಚಾರ್ರು ತಾವೇ ಉಳಿಯಿಂದ ಕೊರೆದರು. ಮುಖ ಕಿವುಚಿಕೊಂಡೇ ಕೊರೆದರು. ಗಂಟನ್ನು ಕೂರಿಸಿ, ತೆಂಗಿನ ನಾರನ್ನು ಪ್ಲಾಸ್ಟರಿನಲ್ಲಿ ಅದ್ದಿ ಸುತ್ತ ಕಟ್ಟು ಕಟ್ಟತೊಡಗಿದರು. ನಕಲು ಅಲ್ಲಾಡದ ಹಾಗೆ ಎರಡು ತುದಿ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ನಾನು. "ಬಿಗಿಯಾಗಿ ಇಡ್ಕೊಳಮ್ಮ, ಅಲ್ಲಾಡಿದ್ರೆ ಸೊಟ್ಟ ಕೂಡ್ತದೆ" ಎಂದರು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದದ್ದು. ಪ್ಲಾಸ್ಟರ್ ಬಿಸಿಯಾಗುತ್ತಾ ನನ್ನ ತೊಡೆಗೆ ಶಾಖ ತಾಗಿತು.

ಕೊನೆಗೆ ಗಂಟು ಸೇರುವ ಅಂಚನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಹಿಡಿದರು, ಗಟ್ಟಿಯಾಗುವವರೆಗೆ. ಕೈ ತೆಗೆದಾಗ ಅಲ್ಲಿ ಹೆಬ್ಬೆರಳಿನ ಕುಳಿ ಉಳಿದಿತ್ತು, ಗೆರೆಗಳ ಸಮೇತ. ಉಜ್ಜಿ ಸರಿ ಮಾಡಲು ಅವರು ಒದ್ದೆ ಬಟ್ಟೆ ಎತ್ತಿಕೊಂಡರು.

"ಬೇಡ, ಹಾಗೇ ಬಿಡಿ ಆಚಾರ್ರೇ" ಎಂದೆ.

"ಕೈಗುರುತು ಬಿಟ್ಟು ಕೊಟ್ರೆ ಯಾವನೋ ಕಲಿಯೋನು ಮಾಡಿದ ಕೆಲಸ ಅಂತಾರೆ."

"ಅನ್ನಲಿ. ಈ ಗಂಟಿನ ಪಕ್ಕ ಯಾರೋ ಇದ್ರು ಅಂತ ಗೊತ್ತಾಗ್ಲಿ."

ಅವರಿಗೆ ನನ್ನ ಮಾತು ಹಿಡಿಸಲಿಲ್ಲ. ಬಟ್ಟೆಯನ್ನು ಆ ಕುಳಿಯ ಹತ್ತಿರದವರೆಗೂ ಒಯ್ದರು. ಆಮೇಲೆ ನನ್ನ ಮುಖ ನೋಡಿ, ಬಟ್ಟೆಯನ್ನು ಹಿಂಡಿ ಪಕ್ಕಕ್ಕೆ ಹಾಕಿದರು.

ದಸರಾಕ್ಕೆ ಮೊದಲೇ ನಕಲು ಗಾಜಿನ ಕಪಾಟು ಸೇರಿತು. ಹೊಸ ವರ್ಷಕ್ಕೆ ನನ್ನ ಕೆಲಸ ಮುಗಿಯಿತು. ಮೇಷ್ಟ್ರು ರಿಟೈರಾಗಿ ಮಗಳ ಊರಿಗೆ ಹೋದರು. ನನಗೊಂದು ಟ್ಯುಟೋರಿಯಲ್ಲಿನಲ್ಲಿ ಪಾಠದ ಕೆಲಸ ಸಿಕ್ಕಿತು, ಇವತ್ತಿಗೂ ಅದೇ. ಮಹಡಿ ಮನೆಯೂ ಅದೇ. ಅಕ್ಕಿ ಮಾತ್ರ ಈಗ ಒಬ್ಬರಿಗೇ ಹಾಕುತ್ತೇನೆ.

ಕಳೆದ ತಿಂಗಳು ಆ ವಾಸನೆಯ ಮುಂದೆ ನಿಂತಿದ್ದೆನಲ್ಲ, ಆ ಬೀದಿ ಲಿಂಗಾಚಾರ್ರದ್ದೇ. ಅರ್ಧ ಕೆಡವಿದ ಆ ಮನೆಯೂ ಅವರದ್ದೇ. ಪ್ಲಾಸ್ಟರ್ ಕಲಸುತ್ತಿದ್ದವನನ್ನು ಕೇಳಿದೆ. "ಅವರು ತೀರ್ಕೊಂಡು ಎರಡು ವರ್ಷ ಆಯ್ತಂತೆ ಮೇಡಂ. ಈಗ ಬೇರೆಯವ್ರು ತಗೊಂಡವ್ರೆ" ಎಂದ. ನನಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕು, ಯಾಕೆ ಹೇಳಬೇಕು? ಒಂದು ಮಳೆಗಾಲದ ಪರಿಚಯ ನಮ್ಮದು.

ಕಾಫಿಪುಡಿ ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿ ಕಾಲೇಜಿಗೆ ಹೋದೆ. ನನ್ನ ಗುರುತು ಅಲ್ಲಿ ಯಾರಿಗೂ ಇಲ್ಲ. ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಉತ್ಸಾಹದಿಂದ ಕಪಾಟು ತೆರೆದು ತೋರಿಸಿದಳು. "ಇದು ಫ್ರಾಕ್ಚರ್ ಆಗಿ ಇನ್ಫೆಕ್ಷನ್ ಆಗಿ ವಾಸಿ ಆಗಿರೋದು ಮೇಡಂ. ಆಮೇಲೂ ತುಂಬ ವರ್ಷ ಬದುಕಿತ್ತು. ಇಲ್ಲೊಂದು ಕುಳಿ ಇದೆಯಲ್ಲ, ಇದು ಮಾತ್ರ ಮೂಳೇದಲ್ಲ. ಅಚ್ಚು ಮಾಡೋವಾಗ ಯಾರೋ ಕೈ ತಾಗಿಸಿಬಿಟ್ಟಿದಾರೆ."

"ಹೌದಾ" ಎಂದೆ.

ಅವಳು ಫೋನ್ ಬಂತೆಂದು ಆಚೆ ಹೋದಳು. ಆ ಕುಳಿಯಲ್ಲಿ ನನ್ನ ಹೆಬ್ಬೆರಳು ಇಟ್ಟೆ. ಅವರದು ದೊಡ್ಡ ಕೈ, ನನ್ನ ಬೆರಳಿನ ಸುತ್ತ ಜಾಗ ಮಿಕ್ಕಿತು. ಅವಳು ಬರುವವರೆಗೆ ಹಾಗೇ ನಿಂತಿದ್ದೆ.

ಹೊರಗೆ ಮಳೆ ಶುರುವಾಗಿತ್ತು. ಮ್ಯೂಸಿಯಮ್ಮಿನ ಮೆಟ್ಟಿಲು ಒದ್ದೆಯಾಗಿ ಹೊಳೆಯುತ್ತಿದ್ದವು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಡ್ರೈವರಿಗೆ ಕೇಳಿಸುವಷ್ಟು ಜೋರಾಗಿಯೇ "ರೈಟ್ ರೈಟ್" ಎಂದೆ. ಎಡಗಾಲು ಇಳಿಯಿತು.